ಕ್ಲಿಕ್ ಅಂತ ಮೌಸ್ ಯಾವತ್ತೂ ಹೇಳಲ್ಲ

ಯಾವ ಜಿಯುಐ, ಅಂದ್ರೆ ವಿಂಡೋ ಬಟನ್ ಇರೋ ಪ್ರೋಗ್ರಾಮ್ ಬರೆಯೋ ಟ್ಯುಟೋರಿಯಲ್ ತೆಗೆದ್ರೂ ಮೊದಲ ಪಾಠ ಒಂದೇ. ವಿಂಡೋ ಒಂದು ತೆರೀರಿ, ಅದರಲ್ಲೊಂದು ಬಟನ್ ಇಡಿ, ಬಟನ್‌ಗೆ ಆನ್‌ಕ್ಲಿಕ್ ಅಂತ ಒಂದು ಫಂಕ್ಷನ್ ಕಟ್ಟಿ, ಒಳಗೆ ಹಲೋ ಅಂತ ಪ್ರಿಂಟ್ ಮಾಡ್ಸಿ, ಆಯ್ತು, ನೀವು ಇವೆಂಟ್ ಹ್ಯಾಂಡ್ಲಿಂಗ್ ಕಲಿತ್ರಿ. ಇವೆಂಟ್ ಅಂದ್ರೆ ಏನೋ ಆಯ್ತು ಅನ್ನೋ ಸುದ್ದಿ, ಹ್ಯಾಂಡ್ಲರ್ ಅಂದ್ರೆ ಆ ಸುದ್ದಿ ಬಂದಾಗ ಓಡೋ ಫಂಕ್ಷನ್. ಖುಷಿನೂ ಆಗತ್ತೆ. ಆದ್ರೆ ಈ ಪಾಠ ತಲೇಲಿ ಒಂದು ಚಿತ್ರ ಕೂರಿಸಿಬಿಡತ್ತೆ, ಏನಂದ್ರೆ ಯೂಸರ್ ಏನೋ ಮಾಡ್ತಾರೆ, ಸಿಸ್ಟಮ್ ಬಂದು ಇಗೋ ಕ್ಲಿಕ್ ಆಯ್ತು ಅಂತ ನಮಗೆ ವರದಿ ಒಪ್ಪಿಸತ್ತೆ, ನಾವು ಕೆಲಸ ಮಾಡ್ತೀವಿ. ಆಮೇಲೆ ಸ್ವಲ್ಪ ದೊಡ್ಡ ಅಪ್ಲಿಕೇಶನ್ ಬರೆಯೋಕೆ ಕೂತಾಗ ಕಾಡೋ ಬಗ್‌ಗಳಲ್ಲಿ ಅರ್ಧಕ್ಕರ್ಧ ಈ ಚಿತ್ರದಿಂದಲೇ ಹುಟ್ಟೋದು ಅಂತ ನನ್ನ ಅನಿಸಿಕೆ.

ಯಾಕಂದ್ರೆ ಮೌಸ್‌ಗೆ ಕ್ಲಿಕ್ ಅಂದ್ರೇನು ಅಂತ ಗೊತ್ತೇ ಇಲ್ಲ. ಅದು ಹೇಳೋದು ಇಷ್ಟೇ, ಎಡಗಡೆ ಬಟನ್ ಕೆಳಗೆ ಹೋಯ್ತು, ಎಡಗಡೆ ಬಟನ್ ಮೇಲೆ ಬಂತು, ಅಡ್ಡಕ್ಕೆ ಇಷ್ಟು ಸರಿದೆ, ಉದ್ದಕ್ಕೆ ಇಷ್ಟು ಸರಿದೆ. ಸಾಮಾನ್ಯ ಯುಎಸ್‌ಬಿ ಮೌಸ್ ಆದ್ರೆ ಕಂಪ್ಯೂಟರ್ ಸೆಕೆಂಡಿಗೆ 125 ಸಲ ಏನಾದ್ರೂ ಇದ್ಯಾ ಅಂತ ಕೇಳತ್ತೆ, ಗೇಮಿಂಗ್ ಮೌಸ್ ಆದ್ರೆ 1000 ಸಲ. ಈ ಚೂರುಪಾರು ಸುದ್ದಿನೆಲ್ಲ ಸೇರಿಸಿ ಇದು ಕ್ಲಿಕ್ಕು, ಇದು ಡಬಲ್ ಕ್ಲಿಕ್ಕು, ಇದು ಡ್ರ್ಯಾಗು ಅಂತ ತೀರ್ಮಾನ ಮಾಡೋದು ಮಧ್ಯದಲ್ಲಿರೋ ಸಾಫ್ಟ್‌ವೇರ್. ಒಂದಷ್ಟು ಆಪರೇಟಿಂಗ್ ಸಿಸ್ಟಮ್, ಒಂದಷ್ಟು ಫ್ರೇಮ್‌ವರ್ಕ್ ಅನ್ನೋ ಸಿದ್ಧ ಕೋಡಿನ ಕಟ್ಟು, ಉಳಿದಿದ್ದು ನಮ್ಮ ಕೋಡು. ಆ ತೀರ್ಮಾನ ಯಾರು ಮಾಡಿದ್ರು, ಯಾವಾಗ ಮಾಡಿದ್ರು ಅಂತ ಗೊತ್ತಿದ್ರೆ ಮುಂದೆ ಬರೋ ಎಡವಟ್ಟುಗಳಲ್ಲಿ ಬಹಳಷ್ಟು ನೋಡಿದ ಕೂಡ್ಲೇ ಅರ್ಥ ಆಗತ್ತೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಯಾವುದಾದ್ರೂ ಒಳ್ಳೆ ಅಪ್ಲಿಕೇಶನ್ ತೆಗೆದು ಒಂದು ಬಟನ್ ಮೇಲೆ ಮೌಸ್ ಒತ್ತಿ ಹಿಡ್ಕೊಳ್ಳಿ, ಬಿಡ್ಬೇಡಿ. ಬಟನ್ ಒಳಕ್ಕೆ ಹೋದ ಹಾಗೆ ಕಾಣತ್ತೆ. ಒತ್ತಿದ ಹಾಗೇನೇ ಪಕ್ಕಕ್ಕೆ ಎಳೀರಿ, ಬಟನ್ ಮೊದಲಿನ ಹಾಗೆ ಆಗತ್ತೆ. ವಾಪಸ್ ಮೇಲೆ ತನ್ನಿ, ಮತ್ತೆ ಒಳಗೆ. ಈಗ ಹೊರಗೆ ಎಳ್ಕೊಂಡು ಹೋಗಿ ಬೆರಳು ಬಿಡಿ, ಏನೂ ಆಗಲ್ಲ. ನಾವು ದಿನಾ ಬಳಸ್ತೀವಿ, ಗಮನಿಸಿರಲ್ಲ ಅಷ್ಟೇ. ಅಯ್ಯೋ ಡಿಲೀಟ್ ಒತ್ತಿಬಿಟ್ನಲ್ಲ ಅಂತ ಗೊತ್ತಾದ ಕ್ಷಣ ಕೈ ತಾನಾಗೇ ಮೌಸ್‌ನ ಪಕ್ಕಕ್ಕೆ ಎಳೆದು ಬಿಡತ್ತೆ. ಇದನ್ನ ಬರೀಬೇಕು ಅಂದ್ರೆ ಒಂದು ಬೂಲಿಯನ್ (ನಿಜ ಅಥವಾ ಸುಳ್ಳು ಅಂತ ಇಡೋ ವೇರಿಯಬಲ್) ಸಾಲಲ್ಲ, ಎರಡು ಬೇಕು. ಒತ್ತೋದು ನನ್ನ ಮೇಲೆ ಶುರುವಾಯ್ತಾ ಅನ್ನೋದು ಒಂದು, ಈಗ ಪಾಯಿಂಟರ್ ನನ್ನ ಮೇಲಿದ್ಯಾ ಅನ್ನೋದು ಇನ್ನೊಂದು. ಜಾವಾ ಭಾಷೆಯ ಜಿಯುಐ ಫ್ರೇಮ್‌ವರ್ಕ್ ಸ್ವಿಂಗ್‌ನಲ್ಲಿ ಬಟನ್ ಮಾಡೆಲ್ ಒಳಗೆ ಪ್ರೆಸ್ಡ್ ಅಂತ ಒಂದು, ಆರ್ಮ್ಡ್ ಅಂತ ಇನ್ನೊಂದು ಬೇರೆಬೇರೆ ಸ್ಥಿತಿ ಇಟ್ಟಿರೋದು ಇದಕ್ಕೇ. ಎರಡೂ ನಿಜ ಇದ್ದಾಗ ಬೆರಳು ಬಿಟ್ರೆ ಮಾತ್ರ ಕೆಲಸ ನಡೀಬೇಕು.

ಇದು ಬರೀ ಸೊಬಗಿಗೆ ಅಂತ ಅಂದ್ಕೋಬೇಡಿ. 2018ರಲ್ಲಿ ಬಂದ ಡಬ್ಲ್ಯೂಸಿಎಜಿ 2.1 ಅನ್ನೋ ಆಕ್ಸೆಸಿಬಿಲಿಟಿ (ಅಂಗವಿಕಲರಿಗೂ ಬಳಸೋಕೆ ಬರೋ ಹಾಗಿರೋದು) ಮಾನದಂಡದಲ್ಲಿ ಪಾಯಿಂಟರ್ ಕ್ಯಾನ್ಸಲೇಶನ್ ಅಂತಾನೇ ಒಂದು ನಿಯಮ ಇದೆ, ಸುಮ್ನೆ ಒತ್ತಿದ ತಕ್ಷಣ ಕೆಲಸ ನಡೆದುಬಿಡಬಾರದು, ಬಿಡೋ ಮುಂಚೆ ವಾಪಸ್ ತಗೊಳ್ಳೋ ದಾರಿ ಇರ್ಬೇಕು ಅಂತ. ಕೈ ನಡುಗೋರಿಗೆ ಇದು ದೊಡ್ಡ ವಿಷಯ. ಪಿಯಾನೊ ಆ್ಯಪ್, ಶೂಟಿಂಗ್ ಗೇಮ್ ಇಂಥವಕ್ಕೆ ಮಾತ್ರ ಒತ್ತಿದ ತಕ್ಷಣವೇ ಆಗ್ಬೇಕು, ಇಲ್ಲಾಂದ್ರೆ ಅದು ಆಟವೇ ಅಲ್ಲ. ಆದ್ರೆ ಸ್ವಂತ ಬಟನ್ ಕಾಂಪೊನೆಂಟ್ ಬರೆಯೋರು ಎಷ್ಟೋ ಜನ ಮೌಸ್‌ಡೌನ್‌ಗೇ, ಅಂದ್ರೆ ಒತ್ತಿದ ಇವೆಂಟ್‌ಗೇ ಕೆಲಸ ಕಟ್ಟಿಬಿಡ್ತಾರೆ, ಸ್ಪೀಡಾಗಿ ಕಾಣತ್ತೆ ಅಂತ. ನೋಡಿದಾಗೆಲ್ಲ ಮೈ ಉರಿಯತ್ತೆ.

ಡಬಲ್ ಕ್ಲಿಕ್ಕಿಂದು ಇನ್ನೊಂದು ತಮಾಷೆ. ವಿಂಡೋಸ್‌ನಲ್ಲಿ ಡೀಫಾಲ್ಟ್ ಆಗಿ 500 ಮಿಲಿಸೆಕೆಂಡ್ ಒಳಗೆ ಎರಡನೇ ಸಲ ಒತ್ತಿದ್ರೆ ಅದು ಡಬಲ್ ಕ್ಲಿಕ್. ಹಾಗಾದ್ರೆ ಮೊದಲನೇ ಕ್ಲಿಕ್ ಬಂದಾಗ ಇದು ಒಂಟಿಯೋ ಜೋಡಿಯೋ ಅಂತ ಯಾರಿಗೂ ಗೊತ್ತಿರಲ್ಲ, ಎರಡನೇದು ಇನ್ನೂ ಬಂದೇ ಇಲ್ವಲ್ಲ. ಬ್ರೌಸರ್ ಆದ್ರೆ ಒಂದು ಡಬಲ್ ಕ್ಲಿಕ್‌ಗೆ ಡೌನ್, ಅಪ್, ಕ್ಲಿಕ್, ಮತ್ತೆ ಡೌನ್, ಅಪ್, ಕ್ಲಿಕ್, ಆಮೇಲೆ ಡಬಲ್‌ಕ್ಲಿಕ್, ಹೀಗೆ ಏಳು ಇವೆಂಟ್ ಸಾಲಾಗಿ ಕಳ್ಸತ್ತೆ. ಒಂದೇ ಐಟಂ ಮೇಲೆ ಸಿಂಗಲ್ ಕ್ಲಿಕ್‌ಗೆ ಒಂದು ಕೆಲಸ, ಡಬಲ್‌ಗೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕೆಲಸ ಇಟ್ರೆ ಎರಡೂ ನಡೆದುಬಿಡತ್ತೆ, ಬೇಡ ಅಂದ್ರೆ ಪ್ರತಿ ಕ್ಲಿಕ್‌ಗೂ ಅರ್ಧ ಸೆಕೆಂಡ್ ಕಾಯ್ಬೇಕು. ಫೈಲ್ ಮ್ಯಾನೇಜರ್‌ಗಳಲ್ಲಿ ಸಿಂಗಲ್ ಕ್ಲಿಕ್ ಅಂದ್ರೆ ಸೆಲೆಕ್ಟ್, ಡಬಲ್ ಅಂದ್ರೆ ಓಪನ್ ಅಂತ ಇರೋದು ಸರಿಯಾಗಿದೆ, ಯಾಕಂದ್ರೆ ಓಪನ್ ಮಾಡೋದಕ್ಕೆ ಮುಂಚೆ ಸೆಲೆಕ್ಟ್ ಆದ್ರೆ ಯಾರಿಗೂ ನಷ್ಟ ಇಲ್ಲ.

ಈಗ ಡ್ರ್ಯಾಗ್‌ಗೆ ಬರೋಣ, ಅಸಲಿ ಪಜೀತಿ ಇರೋದೇ ಇಲ್ಲಿ. ಒಂದು ಸ್ಲೈಡರ್ ಬರೀತೀರಿ ಅಂದ್ಕೊಳ್ಳಿ. ಮೌಸ್‌ಡೌನ್ ಬಂದ್ರೆ ಎಳೀತಿದೀನಿ ಅನ್ನೋ ವೇರಿಯಬಲ್‌ನ ನಿಜ ಮಾಡೋದು, ಮೌಸ್‌ಮೂವ್ ಬಂದಾಗ ಅದು ನಿಜ ಇದ್ರೆ ಗುಂಡಿ ಸರಿಸೋದು, ಮೌಸ್‌ಅಪ್ ಬಂದ್ರೆ ಸುಳ್ಳು ಮಾಡೋದು. ಓದೋಕೆ ಸರಿಯಾಗೇ ಇದೆ. ರನ್ ಮಾಡಿ, ಸ್ವಲ್ಪ ಜೋರಾಗಿ ಎಳೆದ್ರೆ ಪಾಯಿಂಟರ್ ಸ್ಲೈಡರ್‌ನಿಂದ ಆಚೆ ಹೋಗತ್ತೆ, ಅಲ್ಲಿ ಬೆರಳು ಬಿಡ್ತೀರಿ, ಆ ಮೌಸ್‌ಅಪ್ ಬೇರೆ ಯಾರಿಗೋ ಹೋಗತ್ತೆ. ಸ್ಲೈಡರ್ ಪಾಲಿಗೆ ನೀವು ಇನ್ನೂ ಎಳೀತಾನೇ ಇದೀರಿ. ಸುಮ್ನೆ ಮೌಸ್ ಆ ಕಡೆ ತಂದ್ರೂ ಗುಂಡಿ ಬೆನ್ನು ಹತ್ತಿ ಬರತ್ತೆ, ಬಿಡಿಸ್ಕೊಳ್ಳೋಕೆ ಇನ್ನೊಂದು ಸಲ ಕ್ಲಿಕ್ ಮಾಡ್ಬೇಕು. ಈ ಬಗ್‌ನ ಎಷ್ಟು ಕಡೆ ನೋಡಿದೀನೋ ಲೆಕ್ಕವಿಲ್ಲ, ವಿಡಿಯೋ ಪ್ಲೇಯರ್‌ಗಳಲ್ಲಂತೂ ಸರ್ವೇಸಾಮಾನ್ಯ.

ಇದಕ್ಕೆ ಮದ್ದು ಮೌಸ್ ಕ್ಯಾಪ್ಚರ್. ಅಂದ್ರೆ ಒತ್ತಿದ್ದು ಯಾರ ಮೇಲೋ, ಬಿಡೋವರೆಗೂ ಬರೋ ಎಲ್ಲ ಇವೆಂಟೂ ಅವರಿಗೇ ಹೋಗ್ಲಿ, ಪಾಯಿಂಟರ್ ಎಲ್ಲೇ ಅಲೆದಾಡ್ಲಿ. ವಿಂಡೋಸ್‌ನ ಹಳೇ ವಿನ್32ನಲ್ಲಿ ಸೆಟ್‌ಕ್ಯಾಪ್ಚರ್ ಅಂತ ನಾವೇ ಕರೀಬೇಕು. ಲಿನಕ್ಸ್‌ನಂಥ ಕಡೆ ವಿಂಡೋಗಳನ್ನ ನೋಡ್ಕೊಳ್ಳೋ ಎಕ್ಸ್11ನಲ್ಲಿ ಬಟನ್ ಒತ್ತಿದ ಕೂಡ್ಲೇ ಸರ್ವರ್ ತಾನೇ ಹಿಡ್ಕೊಳ್ಳತ್ತೆ, ಕ್ಯೂಟಿ ಅನ್ನೋ ಫ್ರೇಮ್‌ವರ್ಕ್‌ನಲ್ಲೂ ವಿಜೆಟ್‌ಗೆ (ಬಟನ್, ಸ್ಲೈಡರ್ ಇಂಥ ಭಾಗಕ್ಕೆ) ತಾನಾಗೇ ಸಿಗತ್ತೆ. ವೆಬ್‌ನಲ್ಲಿ ಬಹಳ ವರ್ಷ ಇದು ಇರ್ಲಿಲ್ಲ, ಅದಕ್ಕೇ ಮೌಸ್‌ಡೌನ್ ಆದ್ಮೇಲೆ ಮೂವ್ ಮತ್ತು ಅಪ್ ಲಿಸನರ್‌ಗಳನ್ನ (ಇವೆಂಟ್‌ಗೆ ಕಾದು ಕೂರೋ ಹ್ಯಾಂಡ್ಲರ್) ಡಾಕ್ಯುಮೆಂಟ್, ಅಂದ್ರೆ ಇಡೀ ಪುಟದ ಮೇಲೆ ಹಾಕೋದು, ಮುಗಿದ್ಮೇಲೆ ಕಿತ್ತುಹಾಕೋದು ಅಂತ ಒಂದು ಸರ್ಕಸ್ ನಡೀತಿತ್ತು. ಮೌಸ್, ಬೆರಳು, ಪೆನ್ನು ಎಲ್ಲಕ್ಕೂ ಒಂದೇ ಆದ ಪಾಯಿಂಟರ್ ಇವೆಂಟ್ಸ್ 2015ರಲ್ಲಿ ವೆಬ್ ಮಾನದಂಡ ಮಾಡೋ ಡಬ್ಲ್ಯೂ3ಸಿ ಶಿಫಾರಸು ಆಯ್ತು, ಅದರ ಜತೆ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಬಂತು, ಈಗ ಒಂದೇ ಸಾಲಲ್ಲಿ ಮುಗಿಯತ್ತೆ. ಹೊಸದಾಗಿ ಬರೆಯೋರು ದಯವಿಟ್ಟು ಹಳೇ ಸರ್ಕಸ್ ಕಾಪಿ ಮಾಡ್ಬೇಡಿ.

ಕ್ಯಾಪ್ಚರ್ ಹಾಕಿದ್ರೂ ಕಥೆ ಪೂರ್ತಿ ಮುಗಿಯಲ್ಲ. ಎಳೀತಾ ಇರೋವಾಗಲೇ ಯಾವುದೋ ಡೈಲಾಗ್ ಎದುರಿಗೆ ಬಂದು ನಿಲ್ತು, ಅಥವಾ ಯೂಸರ್ ಆಲ್ಟ್ ಟ್ಯಾಬ್ ಒತ್ತಿ ಬೇರೆ ಪ್ರೋಗ್ರಾಮ್‌ಗೆ ಹಾರಿದ್ರು, ಅಥವಾ ಫೋನಲ್ಲಿ ಬೆರಳು ಎಳೆದಿದ್ದನ್ನ ಸಿಸ್ಟಮ್ ಇದು ಸ್ಕ್ರೋಲ್ ಅಂತ ತೀರ್ಮಾನಿಸಿ ನಮ್ಮಿಂದ ಕಿತ್ಕೊಳ್ತು. ಆಗ ಅಪ್ ಬರಲ್ಲ. ಬದಲಿಗೆ ಬರೋದು ಕ್ಯಾನ್ಸಲ್. ವೆಬ್‌ನಲ್ಲಿ ಪಾಯಿಂಟರ್‌ಕ್ಯಾನ್ಸಲ್, ಆಂಡ್ರಾಯ್ಡ್‌ನಲ್ಲಿ ಆ್ಯಕ್ಷನ್ ಕ್ಯಾನ್ಸಲ್, ವಿಂಡೋಸ್‌ನಲ್ಲಿ ಕ್ಯಾಪ್ಚರ್‌ಚೇಂಜ್ಡ್ ಅಂತ ಒಂದು ಮೆಸೇಜ್. ಇದನ್ನ ಹ್ಯಾಂಡಲ್ ಮಾಡೋರು ಕಮ್ಮಿ, ಮಾಡೋರಲ್ಲೂ ಸುಮಾರು ಜನ ಕ್ಯಾನ್ಸಲ್‌ಗೂ ಅಪ್‌ಗೂ ಒಂದೇ ಫಂಕ್ಷನ್ ಕೊಟ್ಟು ಕೈ ತೊಳ್ಕೋತಾರೆ. ಅಪ್ ಅಂದ್ರೆ ಯೂಸರ್ ಒಪ್ಪಿ ಬಿಟ್ಟಿದ್ದು, ಕ್ಯಾನ್ಸಲ್ ಅಂದ್ರೆ ಮಧ್ಯದಲ್ಲೇ ಕಡಿದು ಹೋಗಿದ್ದು. ಫೈಲನ್ನ ಫೋಲ್ಡರ್ ಮೇಲೆ ಎಳೀತಿದ್ದಾಗ ಕ್ಯಾನ್ಸಲ್ ಬಂದ್ರೆ ಫೈಲ್ ಎಲ್ಲಿತ್ತೋ ಅಲ್ಲಿಗೇ ವಾಪಸ್ ಹೋಗ್ಬೇಕೇ ಹೊರತು ಆ ಕ್ಷಣ ಕೆಳಗೆ ಯಾವ ಫೋಲ್ಡರ್ ಇತ್ತೋ ಅದರೊಳಗೆ ಬೀಳಬಾರದು. ಎಸ್ಕೇಪ್ ಕೀಗೂ ಇದೇ ದಾರಿ ತೋರ್ಸಿ. ಜತೆಗೆ ಬೆಲ್ಟಿಗೆ ಇನ್ನೊಂದು ಗಂಟು ಇರ್ಲಿ ಅಂತ ನಾನು ಮೂವ್ ಹ್ಯಾಂಡ್ಲರ್ ಒಳಗೆ ಬಟನ್ಸ್ ಅನ್ನೋ ಪ್ರಾಪರ್ಟಿ ಸೊನ್ನೆ ಇದ್ಯಾ ನೋಡ್ತೀನಿ. ನಾವು ಎಳೀತಿದೀವಿ ಅಂದ್ಕೊಂಡಿದೀವಿ, ಆದ್ರೆ ಮೌಸ್‌ನ ಒಂದು ಬಟನ್ನೂ ಒತ್ತಿಲ್ಲ, ಅಂದ್ಮೇಲೆ ಎಲ್ಲೋ ಅಪ್ ತಪ್ಪಿ ಹೋಗಿದೆ, ಆಗ ಕ್ಯಾನ್ಸಲ್ ದಾರಿ ಹಿಡಿಯೋದು.

ಇಷ್ಟೆಲ್ಲ ಇವೆಂಟ್ ನಮ್ಮ ಕೋಡ್ ತನಕ ಬರೋದು ಹೇಗೆ ಅನ್ನೋದನ್ನೂ ನೋಡ್ಬೇಕು. 1984ರ ಮ್ಯಾಕಿಂಟೋಶ್‌ಗೆ ಪ್ರೋಗ್ರಾಮ್ ಬರೆಯೋರು ಲೂಪ್ ತಾವೇ ಬರೀತಿದ್ರು, ಗೆಟ್‌ನೆಕ್ಸ್ಟ್‌ಇವೆಂಟ್ ಅಂತ ಕರೆದು ಮುಂದಿಂದು ಏನಿದೆ ಕೊಡು ಅಂತ ಕೇಳೋದು, ಬಂದಿದ್ದನ್ನ ನೋಡಿ ಕೆಲಸ ಮಾಡೋದು, ಮತ್ತೆ ಕೇಳೋದು. ವಿಂಡೋಸ್‌ನಲ್ಲಿ ಗೆಟ್‌ಮೆಸೇಜ್, ಟ್ರಾನ್ಸ್‌ಲೇಟ್‌ಮೆಸೇಜ್, ಡಿಸ್ಪ್ಯಾಚ್‌ಮೆಸೇಜ್ ಅಂತ ಮೂರು ಸಾಲಿನ ಲೂಪು. ಈಗಿನ ಫ್ರೇಮ್‌ವರ್ಕ್‌ಗಳು ಅದನ್ನ ರನ್ ಅಂತಲೋ ಎಕ್ಸೆಕ್ ಅಂತಲೋ ಮೇನ್‌ಲೂಪ್ ಅಂತಲೋ ಒಂದು ಹೆಸರಿನ ಹಿಂದೆ ಬಚ್ಚಿಟ್ಟಿವೆ, ಆದ್ರೆ ಒಳಗೆ ನಡೀತಿರೋದು ಅದೇ ಲೂಪು. ಒಂದೇ ಕೌಂಟರ್ ಇರೋ ಸಾಲು ಇದ್ದ ಹಾಗೆ, ಮುಂದಿನೋರ ಕೆಲಸ ಮುಗಿಯೋವರೆಗೂ ಹಿಂದಿನೋರು ನಿಂತಿರ್ಬೇಕು. ಸ್ಕ್ರೀನ್ ಮತ್ತೆ ಬಿಡಿಸೋ ಕೆಲಸವೂ ಅದೇ ಸಾಲಲ್ಲಿ ನಿಂತಿರತ್ತೆ. ಹಾಗಾಗಿ ನಿಮ್ಮ ಕ್ಲಿಕ್ ಹ್ಯಾಂಡ್ಲರ್ ಒಳಗೆ ನೆಟ್‌ವರ್ಕ್‌ನಿಂದ ಫೈಲ್ ಇಳಿಸೋಕೆ ಕೂತ್ರೆ ಇಡೀ ಅಪ್ಲಿಕೇಶನ್ ಕಲ್ಲಾಗತ್ತೆ. ವಿಂಡೋಸ್ 5 ಸೆಕೆಂಡ್ ನೋಡಿ ಟೈಟಲ್ ಪಕ್ಕ ನಾಟ್ ರೆಸ್ಪಾಂಡಿಂಗ್ ಅಂತ ಬರೆಯತ್ತೆ, ಆಂಡ್ರಾಯ್ಡ್ ಕೂಡ ಇನ್‌ಪುಟ್‌ಗೆ 5 ಸೆಕೆಂಡ್ ಉತ್ತರ ಸಿಗದಿದ್ರೆ ಆ್ಯಪ್ ಮುಚ್ಚಲಾ ಅಂತ ಕೇಳತ್ತೆ.

ಇದರಲ್ಲೊಂದು ಸೂಕ್ಷ್ಮ ಇದೆ, ಇದನ್ನ ಕೋಡ್ ರಿವ್ಯೂನಲ್ಲಿ ಹೇಳಿದ್ರೆ ಜನ ನಂಬಲ್ಲ. ಹಣ ಕಟ್ಟೋ ಬಟನ್ ಇದೆ, ಎರಡು ಸಲ ಒತ್ತಬಾರದು ಅಂತ ಹ್ಯಾಂಡ್ಲರ್‌ನ ಮೊದಲ ಸಾಲಲ್ಲೇ ಬಟನ್ ಡಿಸೇಬಲ್ ಮಾಡ್ತಾರೆ, ಆಮೇಲೆ ಮೂರು ಸೆಕೆಂಡ್ ಹಿಡಿಯೋ ಕೆಲಸ ಅಲ್ಲೇ ಮಾಡ್ತಾರೆ, ಕೊನೇ ಸಾಲಲ್ಲಿ ಮತ್ತೆ ಎನೇಬಲ್. ಭದ್ರವಾಗಿದೆ ಅನ್ಸತ್ತೆ ಅಲ್ವಾ? ಆದ್ರೆ ಆ ಮೂರು ಸೆಕೆಂಡಲ್ಲಿ ಲೂಪ್ ನಿಂತಿದೆ, ಬಟನ್ ಬೂದು ಬಣ್ಣಕ್ಕೆ ತಿರುಗೋಕೂ ಅವಕಾಶ ಸಿಕ್ಕಿಲ್ಲ. ಯೂಸರ್‌ಗೆ ಏನೂ ಆದ ಹಾಗೆ ಕಾಣದೆ ಇನ್ನೆರಡು ಸಲ ಒತ್ತುತ್ತಾರೆ. ಆ ಒತ್ತುಗಳು ಎಲ್ಲೂ ಹೋಗಿಲ್ಲ, ಸಾಲಲ್ಲಿ ಕಾಯ್ತಿವೆ. ಹ್ಯಾಂಡ್ಲರ್ ಮುಗೀತು, ಬಟನ್ ಎನೇಬಲ್ ಆಯ್ತು, ಈಗ ಲೂಪ್ ಮುಂದಿನ ಇವೆಂಟ್ ತೆಗೆದು ನೋಡತ್ತೆ, ಬಟನ್ ಮೇಲೆ ಕ್ಲಿಕ್, ಬಟನ್ ಎನೇಬಲ್ ಇದೆ, ಸರಿ ಕಳ್ಸು. ಹಣ ಇನ್ನೊಂದು ಸಲ ಹೋಯ್ತು. ಡಿಸೇಬಲ್ ಮಾಡಿ ಲೂಪ್‌ಗೆ ವಾಪಸ್ ಹೋದ್ರೆ ಮಾತ್ರ ಆ ಡಿಸೇಬಲ್‌ಗೆ ಅರ್ಥ.

ಹಾಗಾಗಿ ಭಾರದ ಕೆಲಸನ ಬೇರೆ ಥ್ರೆಡ್‌ಗೆ, ಅಂದ್ರೆ ಪ್ರೋಗ್ರಾಮ್ ಒಳಗೇ ಪಕ್ಕದಲ್ಲಿ ಓಡೋ ಇನ್ನೊಂದು ಎಳೆಗೆ ಕೊಟ್ಟು ಹ್ಯಾಂಡ್ಲರ್ ಬೇಗ ಮುಗಿಸಿ, ಫಲಿತಾಂಶ ಬಂದಾಗ ಅದನ್ನ ಯುಐ ಥ್ರೆಡ್‌ನ (ಇವೆಂಟ್ ಲೂಪ್ ಓಡೋ ಥ್ರೆಡ್) ಸಾಲಿಗೇ ಹಾಕಿ. ಸ್ವಿಂಗ್‌ನಲ್ಲಿ ಇನ್ವೋಕ್‌ಲೇಟರ್, ಆಂಡ್ರಾಯ್ಡ್‌ನಲ್ಲಿ ರನ್‌ಆನ್‌ಯುಐಥ್ರೆಡ್, ಕ್ಯೂಟಿನಲ್ಲಿ ಥ್ರೆಡ್ ದಾಟೋ ಸಿಗ್ನಲ್ಲು. ಬೇರೆ ಥ್ರೆಡ್‌ನಿಂದ ನೇರವಾಗಿ ಲೇಬಲ್ ಬದಲಾಯಿಸೋಕೆ ಹೋಗ್ಬೇಡಿ, ಹತ್ತು ಸಲ ಸರಿ ಹೋಗಿ ಹನ್ನೊಂದನೇ ಸಲ ಕೈ ಕೊಡತ್ತೆ. ಇನ್ನೊಂದು ಅಡ್ಡದಾರಿ ಇದೆ, ಹಳೇ ವಿಷುಯಲ್ ಬೇಸಿಕ್‌ನಲ್ಲಿ ಡುಇವೆಂಟ್ಸ್, ಕ್ಯೂಟಿನಲ್ಲಿ ಪ್ರಾಸೆಸ್‌ಇವೆಂಟ್ಸ್, ಹ್ಯಾಂಡ್ಲರ್ ಮಧ್ಯದಲ್ಲೇ ನಿಂತು ಸಾಲಲ್ಲಿರೋದನ್ನ ಸ್ವಲ್ಪ ಖಾಲಿ ಮಾಡು ಅಂತ ಹೇಳೋದು. ಪ್ರೋಗ್ರೆಸ್ ಬಾರ್ ಓಡತ್ತೆ, ಮ್ಯಾನೇಜರ್ ಖುಷಿ. ಆದ್ರೆ ಆ ಸಾಲಲ್ಲಿ ಅದೇ ಬಟನ್ನಿನ ಇನ್ನೊಂದು ಕ್ಲಿಕ್ ಇದ್ರೆ ಮೊದಲನೇ ಹ್ಯಾಂಡ್ಲರ್ ಮುಗಿಯೋ ಮುಂಚೆ ಅದರ ಹೊಟ್ಟೆಯೊಳಗೇ ಎರಡನೇದು ಶುರುವಾಗತ್ತೆ, ವಿಂಡೋ ಮುಚ್ಚೋ ಇವೆಂಟ್ ಇದ್ರಂತೂ ವಾಪಸ್ ಬರೋಷ್ಟರಲ್ಲಿ ಕೈಯಲ್ಲಿರೋ ವಿಂಡೋನೇ ಇರಲ್ಲ. ಇದನ್ನ ಡಿಬಗ್ ಮಾಡೋ ಕಷ್ಟ ಶತ್ರುವಿಗೂ ಬೇಡ.

ಇವೆಂಟ್ ಯಾರಿಗೆ ಹೋಗತ್ತೆ ಅನ್ನೋದು ಬೇರೆಯದೇ ಪುರಾಣ. ಮೌಸ್ ಇವೆಂಟ್ ಪಾಯಿಂಟರ್ ಕೆಳಗೆ ಯಾರಿದಾರೋ ಅವರಿಗೆ, ಕೀಬೋರ್ಡ್ ಇವೆಂಟ್ ಫೋಕಸ್ ಯಾರ ಹತ್ರ ಇದ್ಯೋ ಅವರಿಗೆ. ವೆಬ್‌ನಲ್ಲಿ ಅವರನ್ನ ಸುತ್ತಿರೋ ಹೊರಗಿನೋರಿಗೂ ಇವೆಂಟ್ ಹೋಗತ್ತೆ. ಹಳೇ ಬ್ರೌಸರ್ ನೆಟ್‌ಸ್ಕೇಪ್‌ನೋರು ಹೊರಗಿಂದ ಒಳಗೆ ಬರೋ ಕ್ಯಾಪ್ಚರಿಂಗ್ (ಮೌಸ್ ಕ್ಯಾಪ್ಚರ್ ಅಲ್ಲ, ಇದು ಬೇರೆ) ಇಟ್ರು, ಇಂಟರ್ನೆಟ್ ಎಕ್ಸ್‌ಪ್ಲೋರರ್‌ನೋರು ಒಳಗಿಂದ ಹೊರಗೆ ಹೋಗೋ ಬಬ್ಲಿಂಗ್ ಇಟ್ರು, 2000ದಲ್ಲಿ ಬಂದ ಡಾಮ್ ಲೆವೆಲ್ 2 ಅನ್ನೋ ವೆಬ್ ಮಾನದಂಡ ಇಬ್ಬರನ್ನೂ ನೋಯಿಸದೆ ಮೊದಲು ಅದು ಆಮೇಲೆ ಇದು ಅಂತ ಎರಡನ್ನೂ ಇಟ್ಕೊಂಡಿತು. ಲಿಸ್ಟಿನ ಒಂದು ಸಾಲು ಒತ್ತಿದ್ರೆ ವಿವರ ತೆರೀಬೇಕು, ಅದರೊಳಗಿನ ಕಸದ ಡಬ್ಬಿ ಐಕಾನ್ ಒತ್ತಿದ್ರೆ ಅಳಿಸಿ ಹೋಗ್ಬೇಕು. ಐಕಾನ್ ಒತ್ತಿದ್ರೆ ಬಬಲ್ ಆಗಿ ಸಾಲಿಗೂ ಹೋಗತ್ತೆ, ಅಳಿಸಿದ ವಸ್ತುವಿನ ವಿವರ ತೆರೆದು ಎರರ್ ಬರತ್ತೆ. ಎಲ್ಲರೂ ಮಾಡೋದು ಸ್ಟಾಪ್‌ಪ್ರೊಪಗೇಶನ್, ಅಂದ್ರೆ ಇವೆಂಟ್‌ನ ಪ್ರಯಾಣ ಅಲ್ಲೇ ನಿಲ್ಲಿಸೋದು. ಅದರಿಂದ ಈ ತೊಂದರೆ ಹೋಗಿ ಇನ್ನೊಂದು ಬರತ್ತೆ, ಪುಟದಲ್ಲಿ ಎಲ್ಲಿ ಒತ್ತಿದ್ರೂ ತೆರೆದಿರೋ ಮೆನು ಮುಚ್ಚಲಿ ಅಂತ ಡಾಕ್ಯುಮೆಂಟ್ ಮೇಲೆ ಇನ್ಯಾರೋ ಕಿವಿ ಇಟ್ಕೊಂಡು ಕೂತಿರ್ತಾರೆ, ಅವರಿಗೆ ಈ ಕ್ಲಿಕ್ ಕೇಳಿಸೋದೇ ಇಲ್ಲ, ಮೆನು ಹಾಗೇ ನೇತಾಡ್ತಿರತ್ತೆ. ನಾನು ಆದಷ್ಟು ತಡೆಯಲ್ಲ, ಸಾಲಿನ ಹ್ಯಾಂಡ್ಲರ್ ಒಳಗೇ ಈ ಕ್ಲಿಕ್ ಒಳಗಿನ ಬಟನ್‌ನಿಂದ ಬಂತಾ ಅಂತ ನೋಡಿ ಸುಮ್ಮನಾಗೋ ಹಾಗೆ ಬರೀತೀನಿ. ಪ್ರಿವೆಂಟ್‌ಡಿಫಾಲ್ಟ್ ಬೇರೆ ಸಂಗತಿ, ಅದು ಬ್ರೌಸರ್ ತಾನಾಗಿ ಮಾಡೋ ಕೆಲಸನ ತಡೆಯತ್ತೆ, ಪ್ರಯಾಣನ ಅಲ್ಲ. ಎರಡನ್ನೂ ಜೋಡಿಯಾಗಿ ಮಂತ್ರದ ಹಾಗೆ ಬರೆಯೋ ಅಭ್ಯಾಸ ಬಿಟ್ರೆ ಒಳ್ಳೇದು.

ಕೀಬೋರ್ಡ್ ವಿಷಯಕ್ಕೆ ಬಂದ್ರೆ ನನಗೆ ಹೇಳೋದು ಜಾಸ್ತಿ ಇದೆ, ಯಾಕಂದ್ರೆ ಇಲ್ಲಿ ಪೆಟ್ಟು ಬೀಳೋದು ಕನ್ನಡದಲ್ಲಿ ಟೈಪ್ ಮಾಡೋ ನಮ್ಮಂಥೋರಿಗೇ. ಒಂದು ಕೀ ಒತ್ತೋದಕ್ಕೂ ಒಂದು ಅಕ್ಷರ ಬರೋದಕ್ಕೂ ನೇರ ಸಂಬಂಧ ಇಲ್ಲ. ವಿಂಡೋಸ್ ಮೊದಲಿಂದಲೂ ಎರಡನ್ನ ಬೇರೆ ಇಟ್ಟಿದೆ, ಕೀಡೌನ್ ಮೆಸೇಜ್ ಅಂದ್ರೆ ಕೀ ಒತ್ತಿದ್ದು, ಚಾರ್ ಮೆಸೇಜ್ ಅಂದ್ರೆ ಅದರಿಂದ ಹುಟ್ಟಿದ ಅಕ್ಷರ, ಮೇಲೆ ಹೇಳಿದ ಟ್ರಾನ್ಸ್‌ಲೇಟ್‌ಮೆಸೇಜ್‌ನ ಕೆಲಸವೇ ಅದು. ವೆಬ್‌ನಲ್ಲೂ ಕೋಡ್ ಅಂದ್ರೆ ಕೀಬೋರ್ಡ್ ಮೇಲೆ ಯಾವ ಜಾಗದ ಕೀ, ಕೀ ಅನ್ನೋ ಪ್ರಾಪರ್ಟಿ ಅಂದ್ರೆ ಅದು ಕೊಟ್ಟ ಅಕ್ಷರ. ಗೇಮಲ್ಲಿ ಎಡ ಬಲ ಓಡಾಡೋಕೆ ಕೋಡ್ ಬಳಸಿ, ಬೆರಳು ಇರೋ ಜಾಗ ಮುಖ್ಯ. ಶಾರ್ಟ್‌ಕಟ್‌ಗಳಿಗೆ ಅಕ್ಷರ ಮುಖ್ಯ. ಇದನ್ನ ಅದಲು ಬದಲು ಮಾಡಿದ್ರೆ ಬೇರೆ ಲೇಔಟ್‌ನೋರು ಹೈರಾಣಾಗ್ತಾರೆ.

ಈಗ ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಬೋರ್ಡ್ ಲೇಔಟ್‌ನಲ್ಲಿ ಕ್ಷ ಬರೆಯೋದನ್ನ ನಿಧಾನವಾಗಿ ನೋಡಿ. ಮೊದಲು ಇಂಗ್ಲಿಷ್ ಕೆ ಇರೋ ಕೀ, ಕ ಬಂತು. ಆಮೇಲೆ ಡಿ ಇರೋ ಕೀ, ಕ್ ಆಯ್ತು. ಆಮೇಲೆ ಶಿಫ್ಟ್ ಹಿಡಿದು ಅಲ್ಪವಿರಾಮದ ಕೀ, ಷ ಬಂದು ಮೂರೂ ಸೇರಿ ಕ್ಷ. ಕಣ್ಣಿಗೆ ಒಂದು ಅಕ್ಷರ, ಎಲ್ಲ ಲಿಪಿಗಳ ಚಿಹ್ನೆಗೂ ನಂಬರ್ ಕೊಡೋ ಯೂನಿಕೋಡ್ ಲೆಕ್ಕದಲ್ಲಿ ಮೂರು ಕೋಡ್ ಪಾಯಿಂಟ್, ಅಂದ್ರೆ ಮೂರು ನಂಬರ್. ಹೆಸರು ಹತ್ತು ಅಕ್ಷರ ಮೀರಬಾರದು ಅಂತ ಇನ್‌ಪುಟ್ ಬಾಕ್ಸ್‌ಗೆ ಮಿತಿ ಹಾಕಿರ್ತಾರಲ್ಲ, ಅದು ಎಣಿಸೋದು ಇದನ್ನ, ನಮ್ಮ ಕಣ್ಣಿಗೆ ಕಾಣೋದನ್ನಲ್ಲ. ಲಕ್ಷ್ಮಿ ಅನ್ನೋ ಎರಡಕ್ಷರದ ಹೆಸರಿಗೆ ಏಳು ಕೋಡ್ ಪಾಯಿಂಟ್ ಖರ್ಚಾಗತ್ತೆ. ಇನ್ನು ಹೆಸರಲ್ಲಿ ಅಕ್ಷರ ಬಿಟ್ಟು ಬೇರೇನೂ ಬರಬಾರದು ಅಂತ ಪ್ರತಿ ಕೀಡೌನ್‌ಗೂ ಚೆಕ್ ಹಾಕೋರು ಎ ಯಿಂದ ಝಡ್ ಅಂತ ಬರೆದ್ರೆ ಕನ್ನಡಕ್ಕೆ ಬಾಗಿಲೇ ಬಂದ್. ಸ್ವಲ್ಪ ತಿಳಿದೋರು ಯೂನಿಕೋಡ್‌ನ ಲೆಟರ್ ಅನ್ನೋ ವರ್ಗ ಬಳಸ್ತಾರೆ, ಆಗ ಕ ಒಳಗೆ ಬರತ್ತೆ, ಕಾ ಬರಲ್ಲ, ಯಾಕಂದ್ರೆ ದೀರ್ಘ, ಗುಡಿಸು, ಕೊಂಬು, ಅರ್ಧಾಕ್ಷರದ ಚಿಹ್ನೆ ಇವೆಲ್ಲ ಯೂನಿಕೋಡ್‌ನಲ್ಲಿ ಮಾರ್ಕ್ ಅನ್ನೋ ಬೇರೆ ವರ್ಗ. ಲೆಟರ್ ಜತೆ ಮಾರ್ಕನ್ನೂ ಸೇರಿಸ್ಲೇಬೇಕು.

ಉಚ್ಚಾರಣೆ ಪ್ರಕಾರ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯೋ ಕೀಬೋರ್ಡ್‌ಗಳಲ್ಲಿ ಇನ್ನೂ ಒಂದು ಪದರ ಇದೆ. ಅಲ್ಲಿ ಪದ ಪೂರ್ತಿ ಆಗೋವರೆಗೂ ಅದು ಕರಡು, ಕೆಳಗೆ ಗೆರೆ ಎಳೆದ ಹಾಗೆ ಕಾಣ್ಸತ್ತೆ, ಸೂಚನೆಗಳ ಪಟ್ಟಿ ಬರತ್ತೆ, ಒಂದನ್ನ ಆರಿಸಿದ್ಮೇಲೆ ಪಕ್ಕಾ ಆಗತ್ತೆ. ಇದಕ್ಕೆ ಕಾಂಪೊಸಿಶನ್ ಅಂತಾರೆ, ಸ್ಟಾರ್ಟ್, ಅಪ್‌ಡೇಟ್, ಎಂಡ್ ಅಂತ ಮೂರು ಇವೆಂಟ್. ಕರಡು ನಡೀತಿರೋವಾಗ ಬರೋ ಕೀಡೌನ್‌ಗಳಲ್ಲಿ ಕೀಕೋಡ್ 229 ಅಂತ ಇರತ್ತೆ, ಅಂದ್ರೆ ಇದು ಕೀಬೋರ್ಡ್ ಸಾಫ್ಟ್‌ವೇರ್‌ನ ಸ್ವಂತ ವ್ಯವಹಾರ, ನೀನು ಮೂಗು ತೂರಿಸ್ಬೇಡ ಅಂತ. ಆದ್ರೆ ಚಾಟ್ ಬಾಕ್ಸ್ ಬರೆದೋರು ಎಂಟರ್ ಕೀ ಬಂದ್ರೆ ಸೆಂಡ್ ಅಂತ ಕಟ್ಟಿರ್ತಾರೆ. ನಾವು ಪಟ್ಟಿಯಿಂದ ಪದ ಆರಿಸೋಕೆ ಎಂಟರ್ ಒತ್ತಿದ್ರೆ ಅರ್ಧ ಮಾತು ಹೊರಟೇ ಹೋಗತ್ತೆ, ಕೆಲವೊಮ್ಮೆ ಕನ್ನಡ ಆಗೋ ಮುಂಚಿನ ಇಂಗ್ಲಿಷ್ ಅಕ್ಷರಗಳ ರೂಪದಲ್ಲೇ. ಚೀನಿ, ಜಪಾನಿ ಭಾಷೆಯವರು ಈ ಗೋಳನ್ನ ದಶಕಗಳಿಂದ ಹೇಳ್ತಾ ಬಂದಿದಾರೆ. ಪರಿಹಾರ ಒಂದೇ ಸಾಲು, ಇವೆಂಟ್‌ನಲ್ಲಿ ಈಸ್‌ಕಾಂಪೋಸಿಂಗ್ ನಿಜ ಇದ್ರೆ ಎಂಟರ್‌ನ ಮುಟ್ಬೇಡಿ. ಕೆಲವು ಬ್ರೌಸರಲ್ಲಿ ಕಾಂಪೊಸಿಶನ್ ಎಂಡ್ ಮೊದಲು ಬಂದು ಆಮೇಲೆ ಎಂಟರ್‌ನ ಕೀಡೌನ್ ಬರತ್ತೆ, ಅದಕ್ಕೆ 229 ಕೂಡ ನೋಡಿಬಿಡಿ. ಆ ಪ್ರಾಪರ್ಟಿ ಹಳೇದು, ಬಳಸ್ಬೇಡಿ ಅಂತ ಎಡಿಟರ್ ಗೆರೆ ಹೊಡೆದು ಬೈಯತ್ತೆ, ಬೈಸ್ಕೊಳ್ಳಿ.

ಆಂಡ್ರಾಯ್ಡ್ ಫೋನ್‌ನ ಬ್ರೌಸರಲ್ಲಂತೂ ತೆರೆ ಮೇಲಿನ ಕೀಬೋರ್ಡ್‌ನಿಂದ ಇಂಗ್ಲಿಷ್ ಹೊಡೆದ್ರೂ ಬಹಳ ಸಲ 229 ಬರತ್ತೆ. ಹಾಗಾಗಿ ಪಠ್ಯ ಬದಲಾಯ್ತಾ ಅಂತ ತಿಳಿಯೋಕೆ ಕೀಡೌನ್ ನಂಬೋದೇ ತಪ್ಪು. ಪೇಸ್ಟ್ ಮಾಡೋರು ಬಲ ಕ್ಲಿಕ್ ಮೆನುವಿಂದ ಮಾಡ್ಬಹುದು, ಮಾತಾಡಿ ಬರೆಸ್ಬಹುದು, ಬ್ರೌಸರ್ ತಾನೇ ಹಳೇ ವಿಳಾಸ ತುಂಬಿಸ್ಬಹುದು, ಪದ ಎಳೆದು ಹಾಕ್ಬಹುದು. ಇದ್ಯಾವುದಕ್ಕೂ ಒಂದು ಕೀನೂ ಒತ್ತಿರಲ್ಲ. ಪಠ್ಯಕ್ಕೆ ಇನ್‌ಪುಟ್ ಅನ್ನೋ ಇವೆಂಟ್ ಇದೆ, ಬದಲಾದ್ಮೇಲೆ ಹೇಳತ್ತೆ, ಹೇಗೆ ಬದಲಾಯ್ತು ಅನ್ನೋದು ನಮಗ್ಯಾಕೆ.

ಬಟನ್ ಅಂತ ಕರ್ಕೊಂಡು ಡಿವ್ (ವೆಬ್ ಪುಟದಲ್ಲಿ ಬರೀ ಖಾಲಿ ಡಬ್ಬ) ಬಳಸೋರಿಗೆ ಒಂದು ಮಾತು, ನಿಜವಾದ ಬಟನ್‌ಗೆ ಫೋಕಸ್ ಸಿಗತ್ತೆ, ಬ್ರೌಸರಲ್ಲಿ ಎಂಟರ್ ಒತ್ತಿದ ಕೂಡ್ಲೇ ಕ್ಲಿಕ್ ಆಗತ್ತೆ, ಸ್ಪೇಸ್ ಆದ್ರೆ ಬಿಟ್ಟ ಮೇಲೆ ಆಗತ್ತೆ, ಮೌಸ್ ಹಾಗೇನೇ. ಈ ನಾಜೂಕೆಲ್ಲ ಡಿವ್ ಮೇಲೆ ನೀವೇ ಬರೀಬೇಕು, ಬರೆಯಲ್ಲ ಅಂತ ನನಗೂ ಗೊತ್ತು ನಿಮಗೂ ಗೊತ್ತು.

ಟಚ್ ಬಗ್ಗೆ ಚುಟುಕಾಗಿ. ಬೆರಳು ಗಾಜಿನ ಮೇಲೆ ಅಲುಗಾಡದೆ ನಿಲ್ಲಲ್ಲ, ಅದಕ್ಕೆ ಆಂಡ್ರಾಯ್ಡ್‌ನಲ್ಲಿ ಬೆರಳು 8 ಡಿಪಿ (ಆಂಡ್ರಾಯ್ಡ್ ತೆರೆಯ ಅಳತೆ) ತನಕ ಸರಿದ್ರೆ ಅದನ್ನ ಅಲುಗಾಟ ಅಂತಲೇ ಲೆಕ್ಕ ಹಾಕತ್ತೆ, ಮೀರಿದ್ರೆ ಮಾತ್ರ ಡ್ರ್ಯಾಗ್. ಸ್ವಂತ ಗೆಸ್ಚರ್ ಬರೆಯೋರು ಇಂಥ ಒಂದು ಸಡಿಲ ಬಿಡದೆ ಹೋದ್ರೆ ಯೂಸರ್‌ಗೆ ಟ್ಯಾಪ್ ಮಾಡೋಕೇ ಆಗಲ್ಲ. ಮೊಬೈಲ್ ಬ್ರೌಸರ್‌ಗಳಲ್ಲಿ ಮುಂಚೆ ಟ್ಯಾಪ್ ಆದ್ಮೇಲೆ 300 ಮಿಲಿಸೆಕೆಂಡ್ ಕಾದು ಕ್ಲಿಕ್ ಕಳಿಸ್ತಿದ್ದಿದ್ದು ಕೂಡ ಮೇಲೆ ಹೇಳಿದ ಡಬಲ್ ಕ್ಲಿಕ್ ಗೊಂದಲಾನೇ, ಝೂಮ್ ಮಾಡೋಕೆ ಇನ್ನೊಂದು ಟ್ಯಾಪ್ ಬರತ್ತೇನೋ ಅಂತ. ಪುಟ ಮೊಬೈಲ್‌ಗೆ ಅಂತಲೇ ಬರೆದಿದ್ರೆ ಕ್ರೋಮ್ 2014ರಿಂದ ಕಾಯೋದು ಬಿಟ್ಟಿತು. ಇನ್ನು ಟಚ್‌ಮೂವ್ ಲಿಸನರ್ ಹಾಕೋವಾಗ ಸ್ಕ್ರೋಲ್ ತಡೆಯೋ ಉದ್ದೇಶ ಇಲ್ಲ ಅಂದ್ರೆ ಪ್ಯಾಸಿವ್ ಅಂತ ಹೇಳಿಬಿಡಿ, ಇಲ್ಲಾಂದ್ರೆ ನಿಮ್ಮ ಹ್ಯಾಂಡ್ಲರ್ ಏನಂತಾನೋ ಅಂತ ಸ್ಕ್ರೋಲ್ ಕಾಯ್ತಾ ನಿಲ್ಲತ್ತೆ.

ಮೂವ್ ಇವೆಂಟ್‌ಗಳ ಪ್ರವಾಹಕ್ಕೆ ಬಂದ್ರೆ, ಸ್ಕ್ರೀನ್ ಸೆಕೆಂಡಿಗೆ 60 ಸಲ ಬದಲಾಗೋದಾದ್ರೆ ಒಂದು ಫ್ರೇಮ್‌ಗೆ ಸಿಗೋದು 16.7 ಮಿಲಿಸೆಕೆಂಡ್, ಅಷ್ಟರಲ್ಲಿ ಹತ್ತಾರು ಮೂವ್ ಬರ್ಬಹುದು. ಬಂದಾಗೆಲ್ಲ ಬಿಡಿಸೋಕೆ ಹೋಗ್ಬೇಡಿ, ಕೊನೇ ಜಾಗ ಗುರುತಿಟ್ಕೊಂಡು ಫ್ರೇಮ್ ಬಂದಾಗ ಒಂದೇ ಸಲ ಬಿಡಿಸಿ. ಸ್ಲೈಡರ್‌ಗೆ ಇಷ್ಟು ಸಾಕು. ಚಿತ್ರ ಬಿಡಿಸೋ ಆ್ಯಪ್‌ಗೆ ಸಾಲಲ್ಲ, ಅಲ್ಲಿ ಮಧ್ಯದ ಬಿಂದುಗಳು ಕಳೆದ್ರೆ ದುಂಡಗಿನ ಗೆರೆ ಮುರಿದ ಕಡ್ಡಿ ಜೋಡಿಸಿದ ಹಾಗೆ ಬರತ್ತೆ. ಸಿಸ್ಟಮ್‌ಗಳೂ ಮೂವ್‌ಗಳನ್ನ ತಾವೇ ಒಟ್ಟುಗೂಡಿಸಿ ಕೊಡ್ತವೆ, ಬಿಟ್ಟು ಹೋದ ಬಿಂದುಗಳನ್ನ ಕೇಳಿ ಪಡೆಯೋಕೆ ವೆಬ್‌ನಲ್ಲಿ ಗೆಟ್‌ಕೋಲೆಸ್ಡ್‌ಇವೆಂಟ್ಸ್ ಇದೆ, ವಿಂಡೋಸ್‌ನಲ್ಲಿ ಹಿಂದಿನ 64 ಬಿಂದು ತನಕ ಕೊಡೋ ಒಂದು ಫಂಕ್ಷನ್ ಇದೆ.

ಹುಡುಕೋ ಬಾಕ್ಸ್‌ಗೆ ಡಿಬೌನ್ಸ್ ಹಾಕೋದು, ಅಂದ್ರೆ ಟೈಪ್ ಮಾಡೋದು ನಿಲ್ಲಿಸಿ ಸ್ವಲ್ಪ ಹೊತ್ತಾದ್ಮೇಲೆ ಸರ್ವರ್‌ಗೆ ಕೇಳೋದು ಎಲ್ಲರಿಗೂ ಗೊತ್ತು. ಆದ್ರೆ ಡಿಬೌನ್ಸ್ ಹಾಕಿದ್ಮೇಲೂ ಮೈಸೂ ಅಂತ ಕೇಳಿದ ಉತ್ತರ ಮೈಸೂರು ಅಂತ ಕೇಳಿದ ಉತ್ತರಕ್ಕಿಂತ ತಡವಾಗಿ ಬಂದು ಸರಿಯಾದ ಪಟ್ಟಿಯನ್ನ ಒರೆಸಿ ಹಾಕತ್ತೆ. ಬಾಕ್ಸಲ್ಲಿ ಒಂದು ಪದ, ಕೆಳಗೆ ಇನ್ನೊಂದು ಪದದ ಫಲಿತಾಂಶ. ಹೊಸ ಪ್ರಶ್ನೆ ಹೊರಟಾಗ ಹಳೇದನ್ನ ಅಬಾರ್ಟ್ ಮಾಡಿ, ಆಗದಿದ್ರೆ ಪ್ರತಿ ಪ್ರಶ್ನೆಗೊಂದು ನಂಬರ್ ಕೊಟ್ಟು ಕೊನೇ ನಂಬರಿನ ಉತ್ತರ ಬಿಟ್ಟು ಉಳಿದಿದ್ದೆಲ್ಲ ಎಸೀರಿ.

ರಿವ್ಯೂಗೆ ಯಾವುದಾದ್ರೂ ಸ್ಕ್ರೀನ್ ಬಂದ್ರೆ ನಾನು ಕೋಡ್ ಓದೋ ಮುಂಚೆ ಒಂದಷ್ಟು ಕೀಟಲೆ ಮಾಡ್ತೀನಿ. ಒತ್ತಿ ಹೊರಗೆ ಎಳೆದು ಬಿಡೋದು, ಎಳೀತಾ ಇರೋವಾಗ ಆಲ್ಟ್ ಟ್ಯಾಬ್, ಎಡ ಬಟನ್ ಹಿಡಿದಿರೋವಾಗಲೇ ಬಲ ಬಟನ್ ಒತ್ತೋದು, ನೆಟ್‌ವರ್ಕ್ ನಿಧಾನ ಮಾಡಿ ಸೇವ್‌ನ ಪಟಪಟ ಅಂತ ಒತ್ತೋದು, ಎಂಟರ್ ಒತ್ತಿ ಹಿಡ್ಕೊಂಡೇ ಇರೋದು, ಕನ್ನಡ ಕೀಬೋರ್ಡ್ ಹಾಕಿ ಲಕ್ಷ್ಮಿ ಅಂತ ಬರೆದು ಒಂದೊಂದೇ ಬ್ಯಾಕ್‌ಸ್ಪೇಸ್ ಹೊಡೆಯೋದು. ಎಂಟರ್ ಹಿಡ್ಕೊಂಡಾಗ ಕೀಡೌನ್ ಮತ್ತೆ ಮತ್ತೆ ಬರತ್ತೆ, ರಿಪೀಟ್ ಅನ್ನೋ ಗುರುತು ನೋಡದೆ ಬರೆದಿದ್ರೆ ಫಾರ್ಮು ಮಳೆಯ ಹಾಗೆ ಸಬ್ಮಿಟ್ ಆಗತ್ತೆ. ಹೆಚ್ಚಿನ ಸ್ಕ್ರೀನ್‌ಗಳು ಮೊದಲ ಎರಡು ಕೀಟಲೆಗೇ ಬೀಳತ್ವೆ, ಬಿದ್ದಿದ್ದನ್ನ ಸ್ಕ್ರೀನ್ ರೆಕಾರ್ಡ್ ಮಾಡಿ ಬಗ್ ದೂರಿನ ಟಿಕೆಟ್‌ಗೆ ಅಂಟಿಸಿಬಿಡ್ತೀನಿ, ಬರೆದು ವಿವರಿಸೋಕೆ ಹೋದ್ರೆ ನಮ್ಮ ಮಷೀನಲ್ಲಿ ಹಾಗಾಗಲ್ಲ ಅಂತ ಉತ್ತರ ಬರತ್ತೆ.